ಬೆತ್ತದ ದಪ್ಪ, ಲಾಠಿಯ ಲೆಕ್ಕ: ಮುಂಬಯಿ ಜೈಲುಗಳಲ್ಲಿ ಬಲಪ್ರಯೋಗ ಮತ್ತು ಅದರ ದಾಖಲೆ

1894ರ ಕಾರಾಗೃಹ ಕಾಯ್ದೆಯ 53ನೇ ಕಲಮು ಛಡಿ ಏಟಿಗೆ ಸಂಬಂಧಿಸಿದ್ದು. ಬೆತ್ತದ ದಪ್ಪ ಅರ್ಧ ಇಂಚಿಗಿಂತ ಕಡಿಮೆ ಇರಕೂಡದು. ಏಟು ಪೃಷ್ಠದ ಮೇಲೆಯೇ ಬೀಳಬೇಕು. ಒಂದೇ ಶಿಕ್ಷೆಯನ್ನು ಕಂತುಕಂತಾಗಿ ಕೊಡಬಾರದು. ಕೊಡುವಾಗ ಸೂಪರಿಂಟೆಂಡೆಂಟರೂ ವೈದ್ಯರೂ ಎದುರಿಗಿರಬೇಕು. ಹದಿನಾರು ವರ್ಷದೊಳಗಿನ ಹುಡುಗನಾದರೆ ಇನ್ನೂ ತೆಳುವಾದ ಬೆತ್ತ, ಅದೂ ಶಾಲೆಯ ಮೇಷ್ಟರು ಹೊಡೆಯುವ ರೀತಿಯಲ್ಲಿ. ಏಟುಗಳು 30 ದಾಟುವಂತಿಲ್ಲ ಎಂದು 46ನೇ ಕಲಮು ಹೇಳುತ್ತದೆ. ಹೆಂಗಸರಿಗೆ ಛಡಿಯೂ ಇಲ್ಲ, ಕೈಕೋಳ ಬೇಡಿಗಳೂ ಇಲ್ಲ ಎಂದು ಅದೇ ಕಲಮಿನಲ್ಲಿ ವಿನಾಯಿತಿಯಿದೆ. ಕೈದಿಯ ದೇಹ ಏಟು ತಾಳೀತೆಂದು ವೈದ್ಯರು ಮೊದಲೇ ಬರೆದುಕೊಡಬೇಕು (50ನೇ ಕಲಮು). ಕೊಟ್ಟ ಶಿಕ್ಷೆಯನ್ನೆಲ್ಲ ದಂಡನೆ ಪುಸ್ತಕದಲ್ಲಿ ನಮೂದಿಸಬೇಕು (51ನೇ ಕಲಮು). ವಸಾಹತು ಆಡಳಿತದ ಕ್ರೌರ್ಯಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಸಾಕ್ಷ್ಯ ಸಿಗುವುದು ಕಷ್ಟ. ಈ ಲೇಖನದ ಆಸಕ್ತಿ ಇರುವುದು ಆ ಅಚ್ಚುಕಟ್ಟಿನಲ್ಲೇ. ಹೊಡೆಯುವ ಕೋಲಿನ ದಪ್ಪವನ್ನೂ ಬಿಡದೆ ಬರೆದಿಟ್ಟ ಈ ಕಾಯ್ದೆ, ಸಿಬ್ಬಂದಿ ಬ್ಯಾರಕ್ಕಿಗೆ ನುಗ್ಗಿ ಲಾಠಿ ಬೀಸಿದ ದಿನ ಯಾವ ಪುಸ್ತಕದಲ್ಲಿ ಏನು ಬರೆಯಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ದಂಡನೆಗೆ ಪುಸ್ತಕ ಉಂಟು, ಬಲಕ್ಕೆ ಇಲ್ಲ.

ಮುಂಬಯಿಯ ಜೈಲುಗಳಲ್ಲಿ ನಡೆದ ಹಿಂಸೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಲ ಎಷ್ಟು, ಅದು ಅಗತ್ಯವಿತ್ತೇ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಮುಂಚೆ ಇನ್ನೊಂದನ್ನು ಇತ್ಯರ್ಥ ಮಾಡಬೇಕು ಎಂಬುದು ನನ್ನ ವಾದ: ಎಷ್ಟು ಎಂದು ಬರೆದವರು ಯಾರು? ಹೊಡೆದ ಕೈಯೇ ಲೆಕ್ಕ ಬರೆದರೆ ಅಗತ್ಯಾನಗತ್ಯದ ಚರ್ಚೆ ನಡೆಸಲು ಆಧಾರವೇ ಉಳಿಯುವುದಿಲ್ಲ. ಸಾತ್ ರಸ್ತಾದ ಹತ್ತಿರದ ಆರ್ಥರ್ ರೋಡ್ ಜೈಲಿನ ಎರಡು ಪ್ರಕರಣಗಳು ಮತ್ತು ಬೈಕಲಾದ ಹೆಂಗಸರ ಜೈಲಿನ ಒಂದು ಪ್ರಕರಣವನ್ನು ಈ ಕಣ್ಣಿನಿಂದ ನೋಡಿದ್ದೇನೆ.

ಮೊದಲ ಪ್ರಕರಣದಲ್ಲಿ ಲಾಠಿಯೇ ಇಲ್ಲ. ಇರುವುದು ಒಂದು ಹಸ್ತಪ್ರತಿ. ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಪ್ರಭಾಕರ ಪಾಂಡುರಂಗ ಸಂಝಗಿರಿ ಅವರನ್ನು ಆಗಿನ ಮುಂಬಯಿ ಜಿಲ್ಲಾ ಜೈಲಿನಲ್ಲಿ, ಅಂದರೆ ಆರ್ಥರ್ ರೋಡಿನಲ್ಲೇ, ಇಟ್ಟಿದ್ದರು. ಒಳಗೆ ಕೂತು ಅವರು ಪರಮಾಣುವಿನ ಬಗ್ಗೆ ಮರಾಠಿಯಲ್ಲಿ ‘ಅಣೂಚ್ಯಾ ಅಂತರಂಗಾತ’ ಎಂಬ ಪುಸ್ತಕ ಬರೆದರು. ಬರೆಯಲು ಅಡ್ಡಿಯಿರಲಿಲ್ಲ, ಅಚ್ಚಿಗೆ ಹೊರಗೆ ಕಳಿಸುತ್ತೇನೆಂದಾಗ ಸರ್ಕಾರ ಒಪ್ಪಲಿಲ್ಲ. ಬಂಧಿತನಿಗೆ ನಿಯಮಗಳು ಕೊಟ್ಟಷ್ಟೇ ಸವಲತ್ತು, ಪುಸ್ತಕ ಹೊರಗೆ ಕಳಿಸುವ ಸವಲತ್ತು ಅದರಲ್ಲಿಲ್ಲ ಎಂಬುದು ಸರ್ಕಾರದ ತರ್ಕ. 1965ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಸುಬ್ಬರಾವ್ ಅವರ ತೀರ್ಪಿನ ಮೂಲಕ, ಈ ತರ್ಕವನ್ನು ತಲೆಕೆಳಗು ಮಾಡಿತು. ನಿಯಮ ನಿಷೇಧಿಸದಿದ್ದುದನ್ನು ಜೈಲು ನಿಷೇಧಿಸಲಾಗದು; ಒಳಗಿದ್ದಾನೆಂಬ ಕಾರಣಕ್ಕೆ ಅವನ ಉಳಿದ ಸ್ವಾತಂತ್ರ್ಯ ತಾನಾಗಿ ಬತ್ತಿಹೋಗುವುದಿಲ್ಲ. ಅಣುವಿಜ್ಞಾನದ ಪುಸ್ತಕದಿಂದ ದೇಶದ ಭದ್ರತೆಗೆ ಏನು ಧಕ್ಕೆ ಬರುತ್ತಿತ್ತೋ, ಸರ್ಕಾರವೂ ಅದನ್ನು ಹೇಳಲು ಹೋಗಲಿಲ್ಲ. ಹೀಗೆ ಈ ಗೋಡೆಯೊಳಗಿನ ವ್ಯಾಜ್ಯದಿಂದ ಒಂದು ಸೂತ್ರ ಹುಟ್ಟಿತು. ‘ಭದ್ರತೆ’ ಎಂದ ಮಾತ್ರಕ್ಕೆ ಅದು ನಿಯಮವಾಗದು, ಬರೆದ ನಿಯಮವನ್ನು ತೋರಿಸಬೇಕು.

ಆಮೇಲಿನ ದಶಕಗಳಲ್ಲಿ ಈ ಜೈಲು ಬೆಳೆದ ರೀತಿಯನ್ನು ಕಂಡರೆ ಸೂತ್ರ ಎಷ್ಟು ಒತ್ತಡಕ್ಕೆ ಸಿಕ್ಕಿತೆಂದು ತಿಳಿಯುತ್ತದೆ. 1926ರಲ್ಲಿ ಕಟ್ಟಿದ, ಬಹುಕಾಲ 804 ಮಂದಿಯ ಅಧಿಕೃತ ಸಾಮರ್ಥ್ಯವಿದ್ದ ಕಟ್ಟಡದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಇದ್ದ ದಿನಗಳೇ ಈಚೆಗೆ ಸಾಮಾನ್ಯ. ಇವರಲ್ಲಿ ಬಹುಪಾಲು ವಿಚಾರಣಾಧೀನರು, ಅಂದರೆ ಕಾನೂನಿನ ಕಣ್ಣಿಗೆ ಇನ್ನೂ ನಿರಪರಾಧಿಗಳು. ಗ್ಯಾಂಗುಗಳ ಕಾಲ, 1993ರ ಸ್ಫೋಟದ ಆರೋಪಿಗಳು, 26/11ರ ನಂತರ ಕಸಬ್‌ಗಾಗಿ ಕಟ್ಟಿದ ಗುಂಡು ನಿರೋಧಕ ಕೋಣೆ: ಪ್ರತಿಯೊಂದೂ ‘ಅಂಡಾ ಸೆಲ್’ ಮೊದಲಾದ ಬಿಗಿ ಏರ್ಪಾಟುಗಳಿಗೆ ಹೊಸ ಸಮರ್ಥನೆ ಒದಗಿಸಿತು. ಸಮರ್ಥನೆ ಸುಳ್ಳೆಂದು ಹೇಳುತ್ತಿಲ್ಲ. 2010ರಲ್ಲಿ ಇದೇ ಗೋಡೆಯೊಳಗೆ ಅಬು ಸಲೇಮ್ ಮೇಲೆ ಸಹಕೈದಿಯೇ ಹಲ್ಲೆ ಮಾಡಿದ. ಕೈದಿಯನ್ನು ಕೈದಿಯಿಂದ ಕಾಯುವುದೂ ಜೈಲಿನವರ ಹೊಣೆ, ಕಿಕ್ಕಿರಿದ ಬ್ಯಾರಕ್ಕಿನಲ್ಲಿ ಬೆರಳೆಣಿಕೆಯ ಹವಾಲ್ದಾರರಿಗೆ ಅದು ಸುಲಭದ ಕೆಲಸವಲ್ಲ.

ಎರಡನೆಯ ಪ್ರಕರಣ 2008ರ ಜೂನ್ 28ರದು. 2006ರ ಸರಣಿ ರೈಲು ಸ್ಫೋಟ ಮೊದಲಾದ ಪ್ರಕರಣಗಳ ಆರೋಪಿಗಳನ್ನು ಆರ್ಥರ್ ರೋಡಿನಿಂದ ರಾಜ್ಯದ ಬೇರೆ ಬೇರೆ ಜೈಲುಗಳಿಗೆ ಸಾಗಿಸಲು ಹೊರಟಾಗ ಘರ್ಷಣೆಯಾಯಿತು. ಕೈದಿಗಳೇ ಗಲಾಟೆ ಎಬ್ಬಿಸಿ ಸಿಬ್ಬಂದಿಯ ಮೇಲೆ ಬಿದ್ದರು, ಹತೋಟಿಗೆ ಬೇಕಾದಷ್ಟೇ ಬಲ ಬಳಸಿದೆವು ಎಂದು ಜೈಲು ಹೇಳಿತು. ಕೈದಿಗಳು ಹೇಳಿದ್ದು ಇನ್ನೊಂದು: ವಕೀಲರಿಂದ, ಮನೆಯವರಿಂದ ದೂರ ಒಯ್ಯುವುದಕ್ಕೆ ವಿರೋಧ ತೋರಿದ್ದಕ್ಕೆ ಹೊಡೆದರು. ಎರಡು ಕಥೆ, ಒಂದು ಗೋಡೆ. ಗೋಡೆಯ ಹೊರಗಿನವರು ಯಾವುದನ್ನು ನಂಬಬೇಕು?

ನಮ್ಮ ಪತ್ರಿಕಾ ಭಾಷೆಯಲ್ಲಿ ‘ಲಘು ಲಾಠಿ ಪ್ರಹಾರ’ ಎಂಬ ನುಡಿಗಟ್ಟಿದೆ. ಲಾಠಿ ಲಘುವಾದದ್ದು ಯಾವ ತಕ್ಕಡಿಯಲ್ಲಿ ಎಂದು ವರದಿಗಾರ ಕೇಳುವುದಿಲ್ಲ. ಠಾಣೆಯ ಹೇಳಿಕೆಯಲ್ಲಿ ಆ ವಿಶೇಷಣ ಮೊದಲೇ ಅಂಟಿಕೊಂಡು ಬಂದಿರುತ್ತದೆ. ‘ಬೇಕಾದಷ್ಟೇ ಬಲ’ ಎಂಬುದೂ ಅದೇ ಜಾತಿಯ ಮಾತು. ಅದನ್ನು ಬಿಚ್ಚಿ ನೋಡಲು ಬಾಂಬೆ ಹೈಕೋರ್ಟು ಸೆಷನ್ಸ್ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಿತು. ಬಳಸಿದ ಬಲ ಅಗತ್ಯವನ್ನು ಮೀರಿತ್ತು ಎಂಬ ವರದಿ ಬಂತು, 2009ರಲ್ಲಿ ಹೈಕೋರ್ಟು ಅದನ್ನು ಒಪ್ಪಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಮಹಾರಾಷ್ಟ್ರ ಸರ್ಕಾರ ವಿರುದ್ಧ ಸಯೀದ್ ಸೊಹೈಲ್ ಶೇಖ್ ಎಂದು ಹೆಸರಾದ ಆ ಪ್ರಕರಣದಲ್ಲಿ 2012ರ ನವೆಂಬರ್ 2ರಂದು ನ್ಯಾಯಮೂರ್ತಿಗಳಾದ ಟಿ.ಎಸ್. ಠಾಕೂರ್ ಮತ್ತು ಜ್ಞಾನಸುಧಾ ಮಿಶ್ರಾ ತೀರ್ಪಿತ್ತರು.

ತೀರ್ಪಿನ ದೊಡ್ಡ ಭಾಗ ವರ್ಗಾವಣೆಯ ಕುರಿತದ್ದು. 1900ರ ಕೈದಿಗಳ ಕಾಯ್ದೆಯ 29ನೇ ಕಲಮು ಸಜಾ ಕೈದಿಗಳನ್ನು ಜೈಲಿನಿಂದ ಜೈಲಿಗೆ ಕಳಿಸುವ ಅಧಿಕಾರ ಕೊಡುತ್ತದೆ, ವಿಚಾರಣಾಧೀನರನ್ನಲ್ಲ. ವಿಚಾರಣಾಧೀನನು ನ್ಯಾಯಾಲಯದ ವಾರಂಟಿನ ಮೇಲೆ ಒಂದು ಜೈಲಿನಲ್ಲಿರುತ್ತಾನೆ. ಅವನನ್ನು ಕದಲಿಸಲು ಆ ನ್ಯಾಯಾಲಯದ ಅನುಮತಿ ಬೇಕು. ಆ ಅನುಮತಿ ಗುಮಾಸ್ತೆಯ ಮೊಹರಿನಂಥದ್ದಲ್ಲ, ಕೈದಿಯ ಅಹವಾಲನ್ನೂ ಕೇಳಿ ನ್ಯಾಯಾಧೀಶರು ಮನಸ್ಸಿಟ್ಟು ಮಾಡುವ ತೀರ್ಮಾನ. ಸಂಝಗಿರಿ ಪ್ರಕರಣದ ಸೂತ್ರವೇ ಇಲ್ಲಿ ಮರಳಿ ಬಂದಿದೆ: ಬರೆದ ಅಧಿಕಾರ ತೋರಿಸಿ. ಬಲದ ವಿಷಯದಲ್ಲಿ ಮಾತ್ರ ನ್ಯಾಯಾಲಯ ಹೆಚ್ಚು ಜಾಗರೂಕವಾಯಿತು. ಸೆಷನ್ಸ್ ನ್ಯಾಯಾಧೀಶರ ವರದಿ ಪ್ರಾಥಮಿಕ ಸ್ವರೂಪದ್ದು. ಅದನ್ನಿಟ್ಟುಕೊಂಡು, ಮೇಲ್ನೋಟಕ್ಕೆ ಹೊಣೆಯೆಂದು ಕಂಡವರ ಮಾತನ್ನೂ ಕೇಳಿ ಶಿಸ್ತುಕ್ರಮ ನಡೆಸುವುದು ಸರ್ಕಾರಕ್ಕೆ ಸೇರಿದ್ದು ಎಂದಿತು. ಸಿಬ್ಬಂದಿಗೂ ನ್ಯಾಯ ಸಿಗಬೇಕೆಂಬ ದೃಷ್ಟಿಯಿಂದ ಇದು ಸರಿಯೇ. ಆದರೆ ಪರಿಣಾಮ ನೋಡಿ. ವರ್ಗಾವಣೆಯ ಪ್ರಶ್ನೆಗೆ ವಾರಂಟು, ಕಲಮು, ಅರ್ಜಿ ಎಂಬ ಕಾಗದಗಳಿದ್ದವು, ಉತ್ತರ ಖಚಿತವಾಗಿ ಬಂತು. ಏಟಿನ ಪ್ರಶ್ನೆಗೆ ಆ ಹೊತ್ತಿನ ಕಾಗದವಿರಲಿಲ್ಲ. ಒಬ್ಬ ನ್ಯಾಯಾಧೀಶರು ತಿಂಗಳುಗಳ ನಂತರ ಕೂತು ಅದನ್ನು ಕಟ್ಟಬೇಕಾಯಿತು, ಕಟ್ಟಿದ ಮೇಲೂ ಅದು ‘ಪ್ರಾಥಮಿಕ’ವಾಗಿಯೇ ಉಳಿಯಿತು.

ಹಳೆಯ ಕಾಯ್ದೆಯಲ್ಲಿ ಈ ಕೊರತೆಯನ್ನು ಅರ್ಧ ತುಂಬುವ ಎರಡು ಕಲಮುಗಳು ಇವೆ, ವಿದ್ವಾಂಸರು ಅವುಗಳನ್ನು ಅಷ್ಟಾಗಿ ಗಮನಿಸಿದಂತಿಲ್ಲ. ಕೈದಿಯನ್ನು ಬೇರೆ ಜೈಲಿಗೆ ಕಳಿಸುವ ಮುನ್ನ ಅವನು ಪ್ರಯಾಣಕ್ಕೆ ಶಕ್ತನೆಂದು ವೈದ್ಯರು ಬರೆದುಕೊಡಬೇಕು (26ನೇ ಕಲಮು). ಹೊಸ ಜೈಲಿನ ಬಾಗಿಲಲ್ಲಿ ಅವನ ಮೈಮೇಲಿನ ಗಾಯ, ಗುರುತುಗಳನ್ನು ಅಲ್ಲಿನ ವೈದ್ಯರು ಪುಸ್ತಕಕ್ಕೆ ಹತ್ತಿಸಬೇಕು (24ನೇ ಕಲಮು). ಒಂದು ದೇಹ, ಎರಡು ಜೈಲು, ಎರಡು ಪುಸ್ತಕ. ಎರಡನೆಯದನ್ನು ಬರೆಯುವ ಕೈಗೆ ಮೊದಲನೆಯ ಜೈಲಿನ ಮಾನ ಕಾಯುವ ಹಂಗಿಲ್ಲ. ಆದರೆ ಏಟು ತಿಂದವನು ಅದೇ ಬ್ಯಾರಕ್ಕಿನಲ್ಲಿ ಉಳಿದರೆ ಈ ಏರ್ಪಾಟಿನಿಂದ ಪ್ರಯೋಜನವಿಲ್ಲ.

ರೈಲು ಸ್ಫೋಟ ಪ್ರಕರಣದ ಮುಂದಿನ ಗತಿ ಗೊತ್ತಿರುವಂಥದ್ದೇ. 2015ರಲ್ಲಿ ವಿಶೇಷ ನ್ಯಾಯಾಲಯ 12 ಮಂದಿಯನ್ನು ದೋಷಿಗಳೆಂದಿತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟು ಅಷ್ಟೂ ಜನರನ್ನು ಖುಲಾಸೆ ಮಾಡಿತು. ಆ ತೀರ್ಪನ್ನು ಬೇರೆ ಪ್ರಕರಣಗಳಿಗೆ ಆಧಾರವಾಗಿ ಬಳಸಬಾರದೆಂದು ಮೂರು ದಿನಗಳಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ಬಿಡುಗಡೆಯಾದವರನ್ನು ಮರಳಿ ಒಳಗೆ ಕಳಿಸಲಿಲ್ಲ.

ಕನ್ನಡ ಓದುಗರಿಗೆ ಆರ್ಥರ್ ರೋಡ್ ಹೆಚ್ಚು ಪರಿಚಯವಾದದ್ದು ಬಹುಶಃ 2018ರಲ್ಲಿ. ವಿಜಯ ಮಲ್ಯರ ಹಸ್ತಾಂತರದ ವಿಚಾರಣೆ ನಡೆಸುತ್ತಿದ್ದ ಲಂಡನ್ನಿನ ನ್ಯಾಯಾಧೀಶೆ, ಅವರನ್ನು ಇಡಲಿರುವ 12ನೇ ಬ್ಯಾರಕ್ಕಿನ ವಿಡಿಯೋ ತರಿಸಿ ಎಂದರು. ಹಗಲ ಬೆಳಕು ಎಷ್ಟು ಬೀಳುತ್ತದೆಂದು ನೋಡಬೇಕಿತ್ತು. ಕಿಟಕಿ, ಬೆಳಕು, ಶೌಚಾಲಯ ಎಲ್ಲ ಚಿತ್ರದಲ್ಲಿ ಕಂಡವು. ಬಲದ ಚರಿತ್ರೆ ಚಿತ್ರಕ್ಕೆ ಸಿಗುವ ವಸ್ತುವಲ್ಲ. ಅಷ್ಟಕ್ಕೂ ಜೈಲಿನಿಂದ ಹೊರಟ ಒಂದು ಕಾಗದ ನ್ಯಾಯಾಲಯವನ್ನು ಅಲುಗಿಸಿದ ಕಥೆ ನಮ್ಮಲ್ಲೇ ಇದೆ. ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿಯೊಬ್ಬರ ಪತ್ರದಿಂದ ಹುಟ್ಟಿದ ರಾಮಮೂರ್ತಿ ಪ್ರಕರಣದಲ್ಲಿ, 1996ರಲ್ಲಿ, ಸುಪ್ರೀಂ ಕೋರ್ಟು ದೇಶದ ಜೈಲುಗಳ ಒಂಬತ್ತು ರೋಗಗಳನ್ನು ಗುರುತಿಸಿತು. ಚಿತ್ರಹಿಂಸೆ ಅವುಗಳಲ್ಲೊಂದು.

ಮೂರನೆಯ ಪ್ರಕರಣ ಬೈಕಲಾದ್ದು. ಮಂಜುಳಾ ಶೇಟ್ಯೆ ಜೀವಾವಧಿ ಶಿಕ್ಷೆಯ ಕೈದಿ. ಒಳ್ಳೆಯ ನಡತೆಯಿಂದ ವಾರ್ಡರ್ ಆಗಿದ್ದವರು. ಬ್ಯಾರಕ್ಕಿನ ಪಡಿತರ ಹಂಚುವ ಹೊಣೆ ಅವರದಾಗಿತ್ತು. 2017ರ ಜೂನ್ 23ರಂದು ಎರಡು ಮೊಟ್ಟೆ, ಐದು ಪಾವು ಲೆಕ್ಕಕ್ಕೆ ಕಡಿಮೆ ಬಿದ್ದವು. ಅದರ ಮೇಲೆ ಎದ್ದ ಜಗಳದಲ್ಲಿ ಜೈಲಿನ ಸಿಬ್ಬಂದಿ ಅವರನ್ನು ಥಳಿಸಿದರೆಂಬುದು ಆರೋಪ. ಅಂದೇ ಅವರು ಜೆ.ಜೆ. ಆಸ್ಪತ್ರೆಯಲ್ಲಿ ತೀರಿಕೊಂಡರು. ಮರುದಿನ ಕೈದಿ ಹೆಂಗಸರು ಮಾಳಿಗೆ ಹತ್ತಿ ಪ್ರತಿಭಟಿಸಿದರು. ಕೊಲೆಯ ಆರೋಪದಲ್ಲಿ ಆರು ಮಂದಿ ಮಹಿಳಾ ಸಿಬ್ಬಂದಿಯ ಬಂಧನವಾಯಿತು. ಅದಕ್ಕೂ ಮೊದಲೇ, ಮಾಳಿಗೆ ಹತ್ತಿದ ಇನ್ನೂರಕ್ಕೂ ಹೆಚ್ಚು ಹೆಂಗಸರ ಮೇಲೆ ಗಲಭೆಯ ಕೇಸು ಬಿದ್ದಿತ್ತು.

ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ಮತ್ತೊಮ್ಮೆ ಓದಬೇಕು. 23ನೇ ಕಲಮಿನಂತೆ, ಜೈಲಿನ ಅಧಿಕಾರಿಯಾಗಿ ನೇಮಕವಾದ ಕೈದಿಯೂ ಸರ್ಕಾರಿ ನೌಕರ. ಹಾಗಾಗಿ ಮಂಜುಳಾ ಶೇಟ್ಯೆ ಆ ಬೆಳಿಗ್ಗೆ ಕೈದಿಯಷ್ಟೇ ಅಲ್ಲ, ತನ್ನ ಮಿತಿಯಲ್ಲಿ ಸರ್ಕಾರಿ ನೌಕರರು ಕೂಡ. ಪಡಿತರ ಕಡಿಮೆಯಾಗಿದೆ ಎನ್ನುವುದು ಆ ಕೆಲಸದ ಭಾಗ. 46ನೇ ಕಲಮು ಹೆಣ್ಣಿಗೆ ಛಡಿಯನ್ನು 1894ರಲ್ಲೇ ನಿಷೇಧಿಸಿತ್ತು. ಕಸ್ಟಡಿ ಸಾವಿಗೆ ನ್ಯಾಯಿಕ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯವಾಗಿ ಆಗಲೇ ಹನ್ನೊಂದು ವರ್ಷ ಕಳೆದಿತ್ತು. ನ್ಯಾಯಮೂರ್ತಿ ಠಾಕೂರ್ ಅವರೇ ಇದ್ದ ಪೀಠ 2015ರ ಜುಲೈ 24ರಂದು, ಡಿ.ಕೆ. ಬಸು ಪ್ರಕರಣದಲ್ಲಿ, ಎಲ್ಲ ಜೈಲುಗಳಿಗೂ ಒಂದು ವರ್ಷದಲ್ಲಿ, ತಪ್ಪಿದರೆ ಎರಡು ವರ್ಷದೊಳಗೆ ಸಿಸಿಟಿವಿ ಹಾಕಿಸಬೇಕೆಂದಿತ್ತು. ಆ ಗಡುವಿಗೆ ಒಂದು ತಿಂಗಳಿದ್ದಾಗ ಈ ಸಾವು. ನಿಯಮಗಳಿಗೆ ಬರವಿರಲಿಲ್ಲ. ಕಣ್ಣಾರೆ ಕಂಡ ಸಾಕ್ಷಿಗಳಿಗೂ ಬರವಿರಲಿಲ್ಲ. ಆದರೆ ಅವರ ಊಟ, ಮುಲಾಖಾತ್, ನಾಳೆಯ ಬೀಗ ಎಲ್ಲವೂ ಆರೋಪಿಗಳ ಸಹೋದ್ಯೋಗಿಗಳ ಕೈಯಲ್ಲಿದ್ದವು, ಮೇಲೆ ಗಲಭೆಯ ಕೇಸು ಬೇರೆ.

2015ರ ಕೊನೆಯಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 82ನೆಯದು ಬಲಕ್ಕೆ ಮೂರೇ ಸಂದರ್ಭ ಒಪ್ಪುತ್ತದೆ: ಆತ್ಮರಕ್ಷಣೆ, ಪರಾರಿ ಯತ್ನ, ಕಾನೂನುಬದ್ಧ ಆದೇಶಕ್ಕೆ ದೈಹಿಕ ಪ್ರತಿರೋಧ. ಬಳಸಿದವರು ತಕ್ಷಣ ಜೈಲಿನ ಮುಖ್ಯಸ್ಥರಿಗೆ ವರದಿ ಕೊಡಬೇಕು. ನಮ್ಮ ಚರ್ಚೆಗಳಲ್ಲಿ ಮೂರು ಸಂದರ್ಭಗಳನ್ನು ಎಲ್ಲರೂ ಉದ್ಧರಿಸುತ್ತಾರೆ, ವರದಿಯ ಮಾತನ್ನು ಬಿಡುತ್ತಾರೆ. ಆ ವರದಿಯೂ ಮುಖ್ಯಸ್ಥರ ಮೇಜಿನಲ್ಲೇ ನಿಂತರೆ ಆರ್ಥರ್ ರೋಡಿನ ಸಮಸ್ಯೆ ಹಾಗೆಯೇ ಉಳಿಯುತ್ತದೆ ಎಂಬುದು ನನ್ನ ತಕರಾರು.

ಕರ್ನಾಟಕ 1963ರಲ್ಲೇ ತನ್ನದೊಂದು ಕಾರಾಗೃಹ ಕಾಯ್ದೆ ಮಾಡಿಕೊಂಡಿತು. ಮಹಾರಾಷ್ಟ್ರ ಬಹುಕಾಲ 1894ರದನ್ನೇ ಹಿಡಿದುಕೊಂಡಿತ್ತು. ಕೇಂದ್ರದ 2023ರ ಮಾದರಿ ಕಾಯ್ದೆಯ ನಂತರ, 2024ರ ಡಿಸೆಂಬರಿನಲ್ಲಿ ನಾಗಪುರ ಅಧಿವೇಶನದಲ್ಲಿ ಹೊಸ ಮಸೂದೆಗೆ ವಿಧಾನಮಂಡಲದ ಒಪ್ಪಿಗೆ ಸಿಕ್ಕಿತು. ಕಾಯ್ದೆ ಹಳೆಯದಿರಲಿ ಹೊಸದಿರಲಿ, ನಿಯಮ ರಚಿಸುವ ಅಧಿಕಾರ ರಾಜ್ಯ ಸರ್ಕಾರದ್ದೇ. ಹಳೆಯ 59ನೇ ಕಲಮಿನಲ್ಲೂ ಅದು ಇತ್ತು. ಹಾಗಾಗಿ ಬಲದ ಪುಸ್ತಕಕ್ಕೆ ಹೊಸ ಶಾಸನ ಬೇಕಿಲ್ಲ, ಕೆಲವು ಅಂಕಣ ಸಾಕು. ಆದೇಶ ಕೊಟ್ಟವರು ಯಾರು, ಲಾಠಿ ಹಿಡಿದವರು ಯಾರು, ಅಲಾರಾಂ ಬಾರಿಸಿದ್ದು ಎಷ್ಟು ಗಂಟೆಗೆ, ವೈದ್ಯರು ನೋಡಿದ್ದು ಎಷ್ಟು ಗಂಟೆಗೆ, ಕಂಡದ್ದು ಏನು, ಜೊತೆಗಿದ್ದ ಕೈದಿಗಳು ಹೇಳಿದ್ದು ಏನು. ಕೊನೆಯ ಎರಡನ್ನು ಜೈಲಿನ ಸಂಬಳದಲ್ಲಿ ಇಲ್ಲದವರು ತುಂಬಬೇಕು: ಗಾಯವನ್ನು ಹೊರಗಿನ ಸರ್ಕಾರಿ ಆಸ್ಪತ್ರೆಯ ವೈದ್ಯರು, ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು, ಅದೂ ಗಲಭೆಯ ಕೇಸು ದಾಖಲಾಗುವ ಮುನ್ನ.