ಮಾತ್ರೆಯ ಜೊತೆಗೆ ಮಾತು

1986ರಲ್ಲಿ ಚೆನ್ನೈಯಲ್ಲಿ ಭಾರತದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದಾಗ ಸೋಂಕಿತರಿಗೆ ಕೊಡಲು ನಮ್ಮಲ್ಲಿ ಮದ್ದೇ ಇರಲಿಲ್ಲ. 1996ರ ಹೊತ್ತಿಗೆ ಮೂರು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂತಾದರೂ ಅದು ಬಡವರ ಕೈಗೆಟುಕುವಂತಿರಲಿಲ್ಲ. 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್, ಒಬ್ಬ ರೋಗಿಯ ಒಂದು ವರ್ಷದ ಔಷಧವನ್ನು 350 ಡಾಲರಿಗೆ ಕೊಡಲು ಮುಂದಾಗಿ ಜಗತ್ತನ್ನೇ ಚಕಿತಗೊಳಿಸಿದರು. 2004ರ ಏಪ್ರಿಲ್‌ನಲ್ಲಿ ಭಾರತ ಸರಕಾರ ಉಚಿತ ಎಆರ್‌ಟಿ ಚಿಕಿತ್ಸೆಯನ್ನು ಆರಂಭಿಸಿತು. ಬೆಲೆಯ ಅಡ್ಡಿ ನಿವಾರಣೆಯಾಯಿತು. ಆದರೆ ಮಾತ್ರೆಯನ್ನು ದಿನವೂ ತಪ್ಪದೆ ನುಂಗಬೇಕು. ಪದೇ ಪದೇ ತಪ್ಪಿದರೆ ವೈರಾಣು ಔಷಧಕ್ಕೆ ಬಗ್ಗದಂತಾಗುತ್ತದೆ. ದಿನವೂ ನುಂಗಬೇಕಾದರೆ ಬದುಕುವ ಆಸೆ ಇರಬೇಕು.

ಈ ಆಸೆಯೇ ಬತ್ತಿಹೋಗುವ ಸ್ಥಿತಿಯನ್ನು ಬೆಂಗಳೂರು ಬಹಳ ಮೊದಲೇ ಗುರುತಿಸಿತ್ತು. 1998ರಲ್ಲಿ ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಲ್ಪಟ್ಟ ಸೋಂಕಿತರ ಪೈಕಿ ಸುಮಾರು ಶೇ. 40ರಷ್ಟು ಮಂದಿಯಲ್ಲಿ ಖಿನ್ನತೆ ಕಂಡುಬಂದಿತ್ತು. ಕುಟುಂಬದ ಸಂಬಂಧಗಳು ಹದಗೆಟ್ಟವರು ಹೆಚ್ಚು ಬಳಲುತ್ತಿದ್ದರು.

ಮರೆವೇ ಸಮಸ್ಯೆಯಾಗಿದ್ದರೆ ನೆನಪಿಸುವುದೇ ಪರಿಹಾರವಾಗಬೇಕಿತ್ತು. ಸೇಂಟ್ ಜಾನ್ಸ್‌ನ ಸಂಶೋಧಕರೂ ಸೇರಿ ದಕ್ಷಿಣ ಭಾರತದ 631 ಸೋಂಕಿತರ ಮೇಲೆ ನಡೆಸಿದ ಪ್ರಯೋಗದಲ್ಲಿ ಅರ್ಧದಷ್ಟು ಮಂದಿಗೆ ವಾರವಾರ ಮೊಬೈಲ್ ಕರೆ ಮತ್ತು ಚಿತ್ರಸಂದೇಶ ಕಳುಹಿಸಲಾಯಿತು. 2014ರಲ್ಲಿ ಬಂದ ಫಲಿತಾಂಶದ ಪ್ರಕಾರ, ಚಿಕಿತ್ಸೆಯ ಯಶಸ್ಸಿನಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಯಂತ್ರದ ಕರೆ ನೆನಪಿಸಬಲ್ಲದು. ಎದುರಿನವನ ದುಃಖವನ್ನು ಕೇಳಿಸಿಕೊಳ್ಳಲಾರದು.

ಕೇಳಿಸಿಕೊಂಡರೆ ಏನಾಗುತ್ತದೆ? ಅಮೆರಿಕದ ಸ್ಟೀವನ್ ಸಾಫ್ರೆನ್ ತಂಡ 2016ರಲ್ಲಿ ಇದಕ್ಕೆ ಉತ್ತರ ನೀಡಿತು. ಖಿನ್ನತೆಯಿದ್ದ 240 ಸೋಂಕಿತರಲ್ಲಿ, ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಮಾತಿನ ಚಿಕಿತ್ಸೆ ಪಡೆದವರು ಸಾಮಾನ್ಯ ಆರೈಕೆ ಪಡೆದವರಿಗಿಂತ ಕ್ರಮವಾಗಿ ಮಾತ್ರೆ ಸೇವಿಸಿದರು. ಅವರ ಖಿನ್ನತೆಯೂ ಇಳಿಯಿತು. ಮಾಹಿತಿಯೊಂದಿಗೆ ಸಾಂತ್ವನದ ಆಪ್ತ ಸಮಾಲೋಚನೆ ಪಡೆದ ಗುಂಪೂ ಇದಕ್ಕಿಂತ ಗಮನಾರ್ಹವಾಗಿ ಹಿಂದೆ ಬೀಳಲಿಲ್ಲ.

ಮನೋವ್ಯಥೆಗೆ ಮಾತು ಮದ್ದಾಗಬಲ್ಲದೆಂಬುದು ನಮ್ಮ ಪರಂಪರೆಗೆ ಹೊಸತಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖಿ, ದೇಹದಂತೆ ಮನಸ್ಸೂ ರೋಗಕ್ಕೀಡಾಗುತ್ತದೆಂದು ಬರೆದರು. ಕಾರಣ ತಿಳಿದ ದುಃಖವನ್ನೂ ಕಾರಣ ತಿಳಿಯದ ದುಃಖವನ್ನೂ ಬೇರ್ಪಡಿಸಿ, ಹಿತವಚನ ಮತ್ತು ಸದಾಲೋಚನೆಗಳನ್ನು ಚಿಕಿತ್ಸೆಯಾಗಿ ಸೂಚಿಸಿದರು. ಹೀಗಿದ್ದೂ ಖಿನ್ನತೆಯನ್ನು ಈಮಾನಿನ ಕೊರತೆ ಎನ್ನುವವರು, ಎಚ್‌ಐವಿ ಎಂದೊಡನೆ ಚಾರಿತ್ರ್ಯದ ವಿಚಾರಣೆಗಿಳಿಯುವವರು ನಮ್ಮಲ್ಲಿದ್ದಾರೆ. ಗಂಡನಿಂದ ಸೋಂಕು ತಗುಲಿದ ಹೆಣ್ಣುಮಗಳು ಇಂಥವರ ಭಯದಿಂದಲೇ ಮಾತ್ರೆಯ ಡಬ್ಬಿಯನ್ನು ಅಡಗಿಸಿಡುತ್ತಾಳೆ.

ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಹೆಸರು ಹೊತ್ತ ಬಿಟಿಎಂ ಲೇಔಟ್‌ಗೆ ನಿಮ್ಹಾನ್ಸೂ ಸೇಂಟ್ ಜಾನ್ಸೂ ಕೂಗಳತೆಯಲ್ಲಿವೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಅಳುಕುವವರಿಗಾಗಿ ನಿಮ್ಹಾನ್ಸ್ 2010ರ ದಶಕದಲ್ಲಿ ಇದೇ ಬಡಾವಣೆಯಲ್ಲಿ ಆಪ್ತ ಸಮಾಲೋಚನೆಯ ಕೇಂದ್ರವನ್ನೂ ನಡೆಸಿತು. 2017ರ ಎಚ್‌ಐವಿ ಕಾಯ್ದೆ ಸೋಂಕಿತರ ಗುಟ್ಟನ್ನು ಕಾಪಾಡುವ ಭರವಸೆ ನೀಡಿದೆ. ಆದರೆ ಆ ಡಬ್ಬಿಯನ್ನು ಅಡಗಿಸಬೇಕಾಗದ ಮನೆಯನ್ನು ಕಾಯ್ದೆ ಕಟ್ಟಿಕೊಡಲಾರದು. ಅದು ನಮ್ಮ ಮನೆಗಳ, ಮೊಹಲ್ಲಾಗಳ, ಮಸೀದಿಗಳ ಹೊಣೆ.