ಬೋರಾಮಣಿಯ ಮಡ್ಡಿ: ಅಕ್ಷರವಿಲ್ಲದ ಒಂದು ದಾಖಲೆ

ಇವತ್ತು ನಮ್ಮ ಊರ ಕಡೆಯ ಒಂದು ವಿಷಯ ನಿಮ್ಮ ಮುಂದೆ ಇಡತೀನಿ.

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಬೋರಾಮಣಿ ಇದೆ. ತಾಲ್ಲೂಕು ದಕ್ಷಿಣ ಸೊಲ್ಲಾಪುರ, ಪಕ್ಕದ್ದು ಅಕ್ಕಲಕೋಟೆ. ಊರು ದಾಟಿದರೆ ಕಲ್ಲು, ಹುಲ್ಲು ತುಂಬಿದ ಎತ್ತರದ ಬಯಲು. ಮನೆಯಲ್ಲಿ ನಾವು ಅದಕ್ಕೆ ಮಡ್ಡಿ ಅಂತೀವಿ, ಮರಾಠಿಯವರು ಮಾಳ ಅಂತಾರೆ. ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಬೋರಾಮಣಿಯ ಹೆಸರು ಬಂದದ್ದು ವಿಮಾನ ನಿಲ್ದಾಣದ ಪ್ರಸ್ತಾವದಿಂದ.

2025ರ ಡಿಸೆಂಬರಿನಲ್ಲಿ ಬೇರೆ ಕಾರಣಕ್ಕೆ ಬಂತು. ಮಾಳಢೋಕ ಹಕ್ಕಿ, ತೋಳಗಳ ಜಾಡು ನೋಡುತ್ತಿದ್ದ ನಿಸರ್ಗಪ್ರೇಮಿಗಳಿಗೆ ಇಲ್ಲಿ ಸಣ್ಣ ಕಲ್ಲು ಜೋಡಿಸಿ ಮಾಡಿದ 15 ಸುತ್ತಿನ ಚಕ್ರವ್ಯೂಹ ಕಂಡಿತ್ತು. ಅಗಲ ಸುಮಾರು 50 ಅಡಿ. ಪುರಾತತ್ವಜ್ಞರು ಇದನ್ನು ಸುಮಾರು 2000 ವರ್ಷ ಹಿಂದಿನ ಸಾತವಾಹನರ ಕಾಲಕ್ಕೆ, ರೋಮ್ ಜೊತೆಗಿನ ವ್ಯಾಪಾರದ ದಾರಿಗೆ ಜೋಡಿಸುತ್ತಾರೆ. ಕ್ರೀಟ್ ದ್ವೀಪದ ಹಳೆಯ ನಾಣ್ಯಗಳ ಮೇಲೆ ಇಂಥ ಸುತ್ತಿನ ಚಿತ್ರವಿದೆ. ನಮ್ಮ ಉತ್ತರಕ್ಕಿರುವ ತೇರ್, ಗ್ರೀಕ್ ಭಾಷೆಯ 'ಪೆರಿಪ್ಲಸ್'ನಲ್ಲಿ ತಗರ ಎಂಬ ಹೆಸರಿನಿಂದ ಬರುವ ವ್ಯಾಪಾರದ ಪಟ್ಟಣ.

ಆದರೆ ಚಿತ್ರದ ಹೋಲಿಕೆಯೊಂದೇ ಕಾಲ ಹೇಳಲಾರದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಮಹಾಭಾರತ ಶಿಲ್ಪದಲ್ಲಿ ಅಭಿಮನ್ಯು ಹೊಕ್ಕ ವ್ಯೂಹವೂ ಇದೇ ಬಗೆಯದು. ಅದು 12ನೇ ಶತಮಾನದ್ದು. ಅಂದರೆ ಈ ಸುತ್ತು ಬಹಳ ಕಾಲ ಜನರ ಕೈಯಲ್ಲಿ ಉಳಿದಿತ್ತು. ಮಡ್ಡಿಯ ಕಲ್ಲುಗಳ ಕಾಲವನ್ನು ಮಣ್ಣಿನ ಪರೀಕ್ಷೆಯೇ ಹೇಳಬೇಕು. ಅದಕ್ಕೆ ಮಣ್ಣು ಕದಡದೆ ಉಳಿಯಬೇಕು.

ನನ್ನನ್ನು ಕಾಡಿದ್ದು ಇನ್ನೊಂದು. ಗಡಿಭಾಗದ ನಾವು ನಮ್ಮ ಗುರುತನ್ನು ಶಾಸನದಲ್ಲಿ, ಸೊಲ್ಲಾಪುರದ ಸಿದ್ಧರಾಮನ ವಚನಗಳಲ್ಲಿ ಹುಡುಕತೀವಿ. ನಾನೂ ಹಾಗೇ ಮಾಡಿದೆ. ಈ ಸುದ್ದಿ ಬರುವ ಮೊದಲೇ ಬರೆದ ಪ್ರಬಂಧದ ಕರಡಿನಲ್ಲಿ 'ಊರಾಚೆ ಖಾಲಿ ಬಯಲು' ಅಂತ ಒಂದೇ ಮಾತಿನಲ್ಲಿ ಮಡ್ಡಿಯನ್ನು ಮುಗಿಸಿದ್ದೆ. ಕುರಿ ಕಾದು ಮುದುಕನಾದ ನಮ್ಮ ಮುತ್ಯಾ ಅದನ್ನು ಓದಿಸಿ ಕೇಳಿದ. "ಖಾಲಿ ಅಂತ ಯಾರು ಹೇಳ್ಯಾರ? ಎಲ್ಲಿ ಕಲ್ಲು ಕೀಳಬಾರದು ಅನ್ನೂದು ಕುರಿ ಕಾಯಾವಗ ಗೊತ್ತೈತಿ" ಅಂದ.

ಉತ್ತರ ಹೊಳೀಲಿಲ್ಲ. ನೇಗಿಲು ಬಿದ್ದಿದ್ದರೆ, ಬದುವಿಗೆ ಅಂತ ಕಲ್ಲು ಕಿತ್ತಿದ್ದರೆ, ಆ ಸುತ್ತು ಯಾವಾಗಲೋ ಅಳಿಸಿ ಹೋಗುತ್ತಿತ್ತು. ಅದನ್ನು ಯಾರು ಕಟ್ಟಿದರು ಎಂದು ಕೇಳುವ ನಾವು, ಯಾರು ಕೆಡಿಸದೆ ಬಿಟ್ಟರು ಎಂದೂ ಕೇಳಬೇಕು. ಆ ಎರಡನೆಯ ಇತಿಹಾಸ ಇನ್ನೂ ಬಾಯಲ್ಲೇ ಇದೆ.

ಕರಡಿನ ಆ ಸಾಲು ಹೊಡೆದು ಹಾಕೀನಿ. ಈಗ ಮುತ್ಯಾನ ಹಿಂದೆ ನಡೆದು ಮಡ್ಡಿಯ ದಿನ್ನೆ, ಹಳ್ಳ, ಕಲ್ಲುಗಳ ಹೆಸರು ಬರಕೊಳ್ಳಾಕತ್ತೀನಿ. ಅವನಿಗೆ ಈಗ ದೂರ ನಡೆಯೋದು ಆಗೂದಿಲ್ಲ. ಅದಕ್ಕೇ ಅವಸರ.