ಎರಡು ಮನೆ ಕೂಡಿ ಒಂದಾಗುವಾಗ

 

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕುಗಳ ನಮ್ಮ ಮೊಹಲ್ಲಾಗಳಲ್ಲಿ ಎರಡನೆಯ ನಿಕಾಹ್‌ಗಳು ನಡೆಯುತ್ತವೆ. ಒಂದು ಕಡೆ ಗಂಡ ತೀರಿಕೊಂಡು ಇಬ್ಬರು ಮಕ್ಕಳನ್ನು ಸಾಕುತ್ತಿರುವ ತಾಯಿ. ಇನ್ನೊಂದು ಕಡೆ ಹೆಂಡತಿಯನ್ನು ಕಳೆದುಕೊಂಡು ಮೂವರು ಮಕ್ಕಳೊಂದಿಗೆ ಉಳಿದ ತಂದೆ. ಹಿರಿಯರು ಕೂತು ಮಾತನಾಡುತ್ತಾರೆ. ಮಹ್ರ್ ಎಷ್ಟು, ತಾರೀಖು ಯಾವುದು, ಊಟ ಎಲ್ಲಿ ಎಂಬುದೆಲ್ಲ ಮೊದಲು ತೀರ್ಮಾನವಾಗುತ್ತದೆ. ಮಕ್ಕಳ ಮಾತು ಕೊನೆಗೆ ಬರುತ್ತದೆ. ಸಣ್ಣದು ತಾಯಿಯ ಸಂಗಡ ಹೋಗಲಿ, ದೊಡ್ಡವನು ದಾದಿಯ ಹತ್ತಿರ ಇರಲಿ ಎಂದು ಸಾಮಾನು ಹಂಚಿದ ಹಾಗೆ ಮಕ್ಕಳನ್ನು ಹಂಚಿಬಿಡುತ್ತಾರೆ. ಎಷ್ಟೋ ಕಡೆ ಈ ಹಂಚಿಕೆಗೆ ಹೆದರಿಯೇ ವಿಧವೆ ತಾಯಂದಿರು ನಿಕಾಹ್ ಬೇಡವೆನ್ನುತ್ತಾರೆ. ಈ ತಿಂಗಳ ಒಂದು ಜುಮಾದಲ್ಲಿ ನಾವು ಇದೇ ವಿಷಯವನ್ನು ಮಿಂಬರಿನಿಂದ ಹೇಳಿದೆವು. ಅದನ್ನು ಇತಿಹಾಸದ ಎರಡು ಮನೆಗಳ ಮೂಲಕ ಇಲ್ಲಿ ವಿಸ್ತರಿಸುತ್ತೇವೆ. ಒಂದು ನಮ್ಮ ಸವಣೂರಿನದು, ಇನ್ನೊಂದು ಮದೀನಾದ್ದು.

ಸವಣೂರಿನ ಮನೆತನವೇ ವಲಸೆ ಬಂದ ಮನೆತನ. ನವಾಬರು ಮಿಯಾನಾ ಪಠಾಣರು. ಅವರ ಹಿರಿಯರು ಬಿಜಾಪುರದ ಆದಿಲಶಾಹಿ ದರಬಾರಿನಲ್ಲಿ ಸರದಾರರಾಗಿದ್ದರು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾದ ಮೇಲೆ ಅಬ್ದುಲ್ ರವೂಫ್ ಖಾನ್ ಮೊಗಲರ ಸೇವೆಗೆ ಸೇರಿದರು, ಬಂಕಾಪುರದ ಜಹಗೀರು ಪಡೆದರು. ಈಗ ಶಿಗ್ಗಾಂವ ತಾಲೂಕಿನಲ್ಲಿರುವ ಬಂಕಾಪುರದ ಕೋಟೆ ಮೊದಲು ಅವರ ನೆಲೆ. ಆಮೇಲೆ ಸವಣೂರು ಅವರ ರಾಜಧಾನಿಯಾಗಿ ಬೆಳೆಯಿತು. ಹೀಗೆ ಒಂದು ಮನೆತನ ಊರು ಬಿಟ್ಟು ಊರಿಗೆ ಬಂದು, ಕನ್ನಡದ ನೆಲದಲ್ಲಿ ಬೇರು ಬಿಟ್ಟಿತು. ದೊಡ್ಡ ಹುಣಸೇಮಠದ ಆವರಣದಲ್ಲಿರುವ ಆ ಭಾರೀ ಮರಗಳನ್ನು ನೀವು ನೋಡಿರುತ್ತೀರಿ. ಅವು ಹುಣಸೆ ಮರಗಳಲ್ಲ, ಆಫ್ರಿಕಾ ಮೂಲದ ಬಾವೋಬಾಬ್ ಮರಗಳು. ನಮ್ಮ ಜನ ಅವಕ್ಕೆ ನಮ್ಮದೇ ಮರದ ಹೆಸರಿಟ್ಟು ದೊಡ್ಡ ಹುಣಸೆ ಎಂದು ಕರೆದು ತಮ್ಮವನ್ನಾಗಿ ಮಾಡಿಕೊಂಡರು.

ಹದಿನೆಂಟನೆಯ ಶತಮಾನದಲ್ಲಿ ಈ ಸಣ್ಣ ಸಂಸ್ಥಾನದ ಪಾಡು ಸುಲಭವಿರಲಿಲ್ಲ. ಉತ್ತರಕ್ಕೆ ಪೇಶ್ವೆಯರು, ಪೂರ್ವಕ್ಕೆ ನಿಜಾಮರು, ದಕ್ಷಿಣಕ್ಕೆ ಮೈಸೂರಿನ ಹೈದರಾಲಿ. 1756ರಲ್ಲಿ ಪೇಶ್ವೆ ಮತ್ತು ನಿಜಾಮರ ಸೈನ್ಯಗಳು ಒಂದಾಗಿ ಸವಣೂರಿಗೆ ಮುತ್ತಿಗೆ ಹಾಕಿದವು. 1764ರಲ್ಲಿ ರಟ್ಟೀಹಳ್ಳಿಯ ಬಳಿ, ಅಂದರೆ ಹಿರೇಕೆರೂರ ಸೀಮೆಯಲ್ಲಿಯೇ, ಹೈದರಾಲಿಗೂ ಪೇಶ್ವೆ ಮಾಧವರಾಯನಿಗೂ ಯುದ್ಧವಾಯಿತು. 1776ರ ಹೊತ್ತಿಗೆ ಹೈದರಾಲಿಯ ಸೈನ್ಯ ಮತ್ತೆ ಈ ಸೀಮೆಗೆ ಬಂದಾಗ ನವಾಬ ಅಬ್ದುಲ್ ಹಕೀಮ್ ಖಾನರು ಅವರ ಕಡೆ ನಿಲ್ಲಬೇಕಾಯಿತು.

ಆಗ ಎರಡೂ ಮನೆಗಳ ನಡುವೆ ಬೀಗತನ ಕುದುರಿತು. 1779ರಲ್ಲಿ ನವಾಬರ ಹಿರಿಯ ಮಗನಿಗೆ ಹೈದರಾಲಿಯ ಮಗಳನ್ನು ತಂದರು. ಹೈದರಾಲಿಯ ಎರಡನೆಯ ಮಗ ಕರೀಮನಿಗೆ ನವಾಬರ ಮಗಳನ್ನು ಕೊಟ್ಟರು. ನಮ್ಮ ಕಡೆ ಹೇಳುವ ಹಾಗೆ, ಕೊಟ್ಟು ತಂದುಕೊಂಡ ಸಂಬಂಧ. ಅದರ ಜೊತೆಗೇ ಲೆಕ್ಕವೂ ಬಂತು. ನವಾಬರು ಮೈಸೂರಿನ ಸೇವೆಗೆ ಎರಡು ಸಾವಿರ ಪಠಾಣ ಕುದುರೆ ಸವಾರರನ್ನು ಒದಗಿಸಬೇಕೆಂದು ಕರಾರಾಯಿತು.

1782ರ ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡರು. ಟಿಪ್ಪು ಸುಲ್ತಾನರ ಕಾಲಕ್ಕೆ ಬಾಕಿಯ ತಕರಾರು ಎದ್ದಿತು. 1786ರಲ್ಲಿ ಮರಾಠರು ಮತ್ತು ನಿಜಾಮರ ವಿರುದ್ಧ ಮೈಸೂರಿನ ಯುದ್ಧ ನಡೆದಾಗ ಅಬ್ದುಲ್ ಹಕೀಮ್ ಖಾನರು ಸವಣೂರು ಬಿಟ್ಟು ಮರಾಠರ ಕಡೆ ಹೋದರು. ಟಿಪ್ಪುವಿನ ಸೈನ್ಯ ಊರನ್ನು ಹಿಡಿಯಿತು. ಮದುವೆಯಾಗಿ ಏಳು ವರ್ಷ ತುಂಬುವಷ್ಟರಲ್ಲಿ ಬೀಗರು ರಣರಂಗದಲ್ಲಿ ಎದುರುಬದುರಾದರು. ಎರಡೂ ಕಡೆ ಒಬ್ಬೊಬ್ಬ ಹೆಣ್ಣುಮಗಳು ತನ್ನ ತವರಿಗೂ ಗಂಡನ ಮನೆಗೂ ನಡುವೆ ಸಿಕ್ಕಿಕೊಂಡಿದ್ದಳು. ಸಂಸ್ಥಾನ ಆಮೇಲೂ ಉಳಿಯಿತು, 1948ರಲ್ಲಿ ಭಾರತದಲ್ಲಿ ವಿಲೀನವಾಗುವವರೆಗೆ ನಡೆಯಿತು. ಆದರೆ ಆ ಬೀಗತನ ಎರಡು ಮನೆಗಳನ್ನು ಒಂದು ಮಾಡಲಿಲ್ಲ.

ನಾವು ಇಲ್ಲಿ ಯಾರನ್ನೂ ದೂರುತ್ತಿಲ್ಲ. ಆ ಕಾಲದ ರಾಜಕಾರಣ ಹಾಗಿತ್ತು. ಆದರೆ ಪಾಠ ಸ್ಪಷ್ಟವಿದೆ. ದೊಡ್ಡವರು ತಮ್ಮ ಅನುಕೂಲಕ್ಕೆ ಕೂಡಿಸಿದ ಸಂಬಂಧ, ಅನುಕೂಲ ಮುಗಿದ ದಿನ ಸಡಿಲವಾಗುತ್ತದೆ. ಅವನಿಗೆ ಅಡಿಗೆ ಮಾಡುವವರು ಬೇಕು, ಇವಳಿಗೆ ಆಸರೆ ಬೇಕು ಎಂದಷ್ಟೇ ನೋಡಿ ನಾವು ನಿಕಾಹ್ ಮಾಡಿಸಿದರೆ ಅದೂ ಒಂದು ಕರಾರೇ. ಅದರಲ್ಲಿ ಮಕ್ಕಳಿಗೆ ಜಾಗ ಎಲ್ಲಿದೆ?

ಈಗ ಮದೀನಾಕ್ಕೆ ಹೋಗೋಣ. ಹಝ್ರತ್ ಉಮ್ಮು ಸಲಮಾ(ರ) ಮತ್ತು ಅವರ ಪತಿ ಅಬೂ ಸಲಮಾ(ರ) ಇಸ್ಲಾಮಿಗಾಗಿ ಎರಡು ಸಲ ಮನೆ ಬಿಟ್ಟವರು. ಮೊದಲು ಅಬಿಸೀನಿಯಾಕ್ಕೆ, ಆಮೇಲೆ ಮದೀನಾಕ್ಕೆ. ಮದೀನಾಕ್ಕೆ ಹೊರಟಾಗ ಉಮ್ಮು ಸಲಮಾರನ್ನು ತವರಿನವರು ಎಳೆದುಕೊಂಡರು, ಮಗುವನ್ನು ಗಂಡನ ಕುಲದವರು ಕಿತ್ತುಕೊಂಡರು, ಪತಿ ಒಬ್ಬರೇ ಮುಂದೆ ಹೋದರು. ಸುಮಾರು ಒಂದು ವರ್ಷ ಆ ತಾಯಿ ಅಳುತ್ತ ಕೂತರು. ಕೊನೆಗೆ ಜನರಿಗೆ ಕನಿಕರ ಹುಟ್ಟಿ ಮಗುವನ್ನು ಕೈಗಿತ್ತು ಬಿಟ್ಟುಕೊಟ್ಟರು. ತಾಯಿ ಒಂದು ಕಡೆ, ಮಗು ಒಂದು ಕಡೆ ಎಂದು ಹಂಚುವುದು ಎಂಥ ಸಂಕಟವೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

625ರ ಉಹುದ್ ಯುದ್ಧದಲ್ಲಿ ಅಬೂ ಸಲಮಾ(ರ) ಗಾಯಗೊಂಡರು. ಆ ಗಾಯ ಮುಂದೆ ಮತ್ತೆ ಬಿರಿದು ತೀರಿಕೊಂಡರು. ಉಮ್ಮು ಸಲಮಾರ ಮಡಿಲಲ್ಲಿ ಸಲಮಾ, ಉಮರ್, ದುರ್ರಾ, ಝೈನಬ್ ಎಂಬ ಮಕ್ಕಳು. ಇದ್ದತ್ ಮುಗಿದ ಮೇಲೆ ಪ್ರವಾದಿಯವರ(ಸ) ಪ್ರಸ್ತಾಪ ಬಂತು. ಅವರು ಕೂಡಲೇ ಹೂಂ ಅನ್ನಲಿಲ್ಲ. ತಮಗೆ ವಯಸ್ಸಾಗಿದೆ, ತಮ್ಮದು ಮತ್ಸರದ ಸ್ವಭಾವ, ಜೊತೆಗೆ ಮಕ್ಕಳಿದ್ದಾರೆ ಎಂದು ಮೂರು ಮಾತು ಮುಂದಿಟ್ಟರು. ಪ್ರವಾದಿಯವರು(ಸ) ಮೂರಕ್ಕೂ ಉತ್ತರ ಕೊಟ್ಟರು. ವಯಸ್ಸಿನಲ್ಲಿ ತಾವೇ ಹಿರಿಯರು, ಮತ್ಸರವನ್ನು ಅಲ್ಲಾಹನು ದೂರ ಮಾಡಲೆಂದು ಪ್ರಾರ್ಥಿಸುವೆವು, ಇನ್ನು ಮಕ್ಕಳ ಹೊಣೆ ಅಲ್ಲಾಹ್ ಮತ್ತು ಅವನ ರಸೂಲರದು ಎಂಬುದು ಆ ಉತ್ತರದ ಸಾರ. ಗಮನಿಸಿ: ಮಕ್ಕಳ ಮಾತು ನಿಕಾಹ್‌ಗೆ ಮೊದಲೇ ಬಂತು. ಅದನ್ನು ಎತ್ತಿದವರು ತಾಯಿ. ಆ ಮಾತಿಗೆ ಯಾರೂ ಮುಖ ಸಣ್ಣದು ಮಾಡಲಿಲ್ಲ.

626ರಲ್ಲಿ ಅವರು ಹೊಸ ಮನೆಗೆ ಬಂದರು. ಅದು ಅದಕ್ಕೂ ಮೊದಲು ತೀರಿಕೊಂಡಿದ್ದ ಹಝ್ರತ್ ಝೈನಬ್ ಬಿಂತ್ ಖುಝೈಮಾರ(ರ) ಕೋಣೆ. ಅಲ್ಲಿ ಇದ್ದದ್ದು ಒಂದು ಬೀಸುಕಲ್ಲು, ಒಂದು ಪಾತ್ರೆ, ಸ್ವಲ್ಪ ಜವೆಗೋಧಿ, ಸ್ವಲ್ಪ ಕೊಬ್ಬು. ಮದುವಣಗಿತ್ತಿ ಮೊದಲ ರಾತ್ರಿಯೇ ಜವೆ ಬೀಸಿ ಅಡಿಗೆ ಮಾಡಿದರು. ಜೋಳ ಬೀಸಿ ರೊಟ್ಟಿ ತಟ್ಟಿ ಬದುಕು ಕಟ್ಟಿದ ನಮ್ಮ ಅಜ್ಜಿಯರಿಗೆ ಈ ಚಿತ್ರ ಹೊಸದಲ್ಲ. ಹೊಸ ಮನೆ ನಿಂತದ್ದು ಸೋಫಾ ಸೆಟ್ಟಿನಿಂದ ಅಲ್ಲ, ಒಲೆ ಹೊತ್ತಿದ್ದರಿಂದ.

ಕೂಸು ಝೈನಬ್ ಇನ್ನೂ ಮೊಲೆ ಕುಡಿಯುತ್ತಿತ್ತು. ಪ್ರವಾದಿಯವರು(ಸ) ಬಂದಾಗ ತಾಯಿ ಹಾಲುಣಿಸುತ್ತಿದ್ದರೆ ಸಂಕೋಚದಿಂದ ಹಿಂದಿರುಗುತ್ತಿದ್ದರು. ಇದನ್ನು ಅರಿತ ಅಮ್ಮಾರ್ ಬಿನ್ ಯಾಸಿರ್(ರ) ಕೂಸನ್ನು ಎತ್ತಿಕೊಂಡು ಹೋದರು. ಪ್ರವಾದಿಯವರು(ಸ) ಮನೆಗೆ ಬಂದವರೇ ಸುತ್ತ ನೋಡಿ, ಮುದ್ದಿನ ಹೆಸರು ಹಿಡಿದು, ಕೂಸು ಎಲ್ಲಿ ಎಂದು ಕೇಳಿದರು. ತನ್ನದಲ್ಲದ ಮಗು ಮನೆಯಲ್ಲಿ ಕಾಣದಿದ್ದಾಗ ಮೊದಲು ಕೇಳುವವನೇ ಆ ಮಗುವಿನ ತಂದೆಯ ಸ್ಥಾನಕ್ಕೆ ಯೋಗ್ಯ.

ಹುಡುಗ ಉಮರನ ಕಥೆ ನಿಮಗೆ ಗೊತ್ತು. ಊಟಕ್ಕೆ ಕೂತಾಗ ಅವನ ಕೈ ತಟ್ಟೆಯ ತುಂಬ ಓಡಾಡುತ್ತಿತ್ತು. ಬಿಸ್ಮಿಲ್ಲಾ ಹೇಳಬೇಕು, ಬಲಗೈಯಿಂದ ಉಣ್ಣಬೇಕು, ತನ್ನ ಮುಂದಿನದನ್ನು ತೆಗೆದುಕೊಳ್ಳಬೇಕು ಎಂದು ಪ್ರವಾದಿಯವರು(ಸ) ಮೆಲ್ಲಗೆ ಕಲಿಸಿದರು. ನಾವು ಈ ಹದೀಸನ್ನು ಮಕ್ತಬಿನಲ್ಲಿ ಊಟದ ಅದಬಿಗಾಗಿ ಹೇಳಿಕೊಡುತ್ತೇವೆ. ಅದರೊಳಗಿನ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತೇವೆ: ಮಲಮಗ ಅದೇ ತಟ್ಟೆಯಲ್ಲಿ ಉಣ್ಣುತ್ತಿದ್ದ. ಅವನಿಗೆ ಬೇರೆ ತಟ್ಟೆ, ಬೇರೆ ಹೊತ್ತು ಇರಲಿಲ್ಲ. ಬುದ್ಧಿ ಹೇಳುವ ಹಕ್ಕು ಬಂದದ್ದೂ ಜೊತೆಗೆ ಕೂತು ಉಂಡದ್ದರಿಂದಲೇ. ಅವನು ಮುಂದೆ ಹಝ್ರತ್ ಅಲೀಯವರ(ರ) ಕಾಲದಲ್ಲಿ ಬಹರೈನಿನ ಆಡಳಿತ ನೋಡಿದ. ಆ ಕೂಸು ಝೈನಬ್ ಬೆಳೆದು ಮದೀನಾದ ಫಿಕ್‌ಹ್ ಬಲ್ಲ ಮಹಿಳೆಯರಲ್ಲಿ ಹೆಸರಾದಳು.

ಹಳೆಯ ಗಂಡನ ಮಕ್ಕಳಿಗೆ ಖರ್ಚು ಮಾಡಿದರೆ ತಮಗೆ ಪುಣ್ಯವಿದೆಯೇ, ಅವರನ್ನು ಬಿಡಲಾರೆ ಎಂದು ಉಮ್ಮು ಸಲಮಾ(ರ) ಕೇಳಿದ್ದೂ ಹದೀಸಿನಲ್ಲಿದೆ. ಖರ್ಚು ಮಾಡಿ, ಅದರ ಪ್ರತಿಫಲ ನಿಮಗಿದೆ ಎಂಬ ಉತ್ತರ ಸಿಕ್ಕಿತು. ಹೊಸ ಮನೆಗೆ ಬಂದ ತಾಯಿ ತನ್ನ ಮಕ್ಕಳಿಗೆ ಒಂದು ಜೋಡಿ ಬಟ್ಟೆ ತಂದರೆ ಅತ್ತೆ, ನಾದಿನಿಯರು ಲೆಕ್ಕ ಕೇಳುವ ಮನೆಗಳವರು ಇದನ್ನು ನೆನಪಿಡಬೇಕು.

ಇನ್ನೊಂದು ಮನೆ ಹಝ್ರತ್ ಅಸ್ಮಾ ಬಿಂತ್ ಉಮೈಸರದು(ರ). ಅವರ ಮೊದಲ ಪತಿ ಜಾಫರ್(ರ) 629ರಲ್ಲಿ ಮುಅ್ತಾ ಯುದ್ಧದಲ್ಲಿ ಶಹೀದರಾದರು. ಆಮೇಲೆ ಹಝ್ರತ್ ಅಬೂಬಕರ್(ರ), 634ರಲ್ಲಿ ಅವರೂ ತೀರಿಕೊಂಡ ಮೇಲೆ ಹಝ್ರತ್ ಅಲೀ(ರ) ಅವರನ್ನು ವರಿಸಿದರು. ಮುಹಮ್ಮದ್ ಎಂಬ ಹೆಸರಿನ ಇಬ್ಬರು ಹುಡುಗರು ಅಲೀಯವರ ಮನೆಯಲ್ಲಿ ಬೆಳೆದರು, ಒಬ್ಬ ಜಾಫರರ ಮಗ, ಒಬ್ಬ ಅಬೂಬಕರರ ಮಗ. ಯಾರ ತಂದೆ ಹೆಚ್ಚು ಎಂದು ಒಂದು ದಿನ ಇಬ್ಬರಿಗೂ ಜಗಳ ಬಂತು. ಅಲೀಯವರು(ರ) ಸಿಟ್ಟಾಗಲಿಲ್ಲ, ತೀರ್ಪು ಹೇಳಲು ತಾಯಿಗೇ ಬಿಟ್ಟರು. ಯುವಕರಲ್ಲಿ ಜಾಫರರಿಗಿಂತ, ಹಿರಿಯರಲ್ಲಿ ಅಬೂಬಕರರಿಗಿಂತ ಒಳ್ಳೆಯವರನ್ನು ಕಾಣೆ ಎಂದರು ಅಸ್ಮಾ. ಹಾಗಾದರೆ ತಮಗೇನೂ ಉಳಿಸಲಿಲ್ಲವಲ್ಲ ಎಂದು ಅಲೀಯವರು ಹಾಸ್ಯ ಮಾಡಿದರು. ತೀರಿಕೊಂಡ ತಂದೆಯ ಹೆಸರನ್ನು ಹೊಸ ಮನೆಯಲ್ಲಿ ಗೌರವದಿಂದ ಎತ್ತಬಹುದಾಗಿತ್ತು. ಫೋಟೋ ಬಚ್ಚಿಡುವ, ಹೆಸರೆತ್ತಿದರೆ ಮುನಿಸಿಕೊಳ್ಳುವ ನಮ್ಮ ಮನೆಗಳಿಗೆ ಇದು ಪಾಠ.

ಸಹೋದರರೇ, ಪ್ರೀತಿಯಲ್ಲಿ ಲೆಕ್ಕ ಬೇಡ. ಆದರೆ ಹಕ್ಕಿನಲ್ಲಿ ಲೆಕ್ಕ ಬೇಕು, ಅದೂ ಬರೆದಿಟ್ಟ ಲೆಕ್ಕ. ನಿಕಾಹ್ ಮಾತುಕತೆಯ ದಿನವೇ ನಾಲ್ಕು ವಿಷಯ ತೀರ್ಮಾನವಾಗಲಿ.

ಒಂದು, ಮಕ್ಕಳ ಹೆಸರು. ಸೂರಃ ಅಹ್‌ಝಾಬಿನ ಆದೇಶದಂತೆ ಮಕ್ಕಳನ್ನು ಅವರ ಸ್ವಂತ ತಂದೆಯ ಹೆಸರಿನಿಂದಲೇ ಕರೆಯಬೇಕು. ಮಲತಂದೆ ಎಷ್ಟೇ ಪ್ರೀತಿಸಿದರೂ ಶಾಲೆಯ ದಾಖಲೆಯಲ್ಲಿ, ಆಧಾರ್‌ನಲ್ಲಿ ತಂದೆಯ ಹೆಸರು ಬದಲಿಸುವುದು ಬೇಡ. ಉಮರನು ಪ್ರವಾದಿಯವರ ಮಡಿಲಲ್ಲಿ ಬೆಳೆದರೂ ಉಮರ್ ಬಿನ್ ಅಬೀ ಸಲಮಾ ಆಗಿಯೇ ಉಳಿದ.

ಎರಡು, ಯತೀಮರ ಸೊತ್ತು. ತಂದೆಯಿಂದ ಬಂದ ಹೊಲ, ವಿಮೆ ಹಣ, ತಾಯಿಯ ಬಂಗಾರ ಹೊಸ ಮನೆಯ ಗೋಡೆಗೆ, ಬೋರ್‌ವೆಲ್ಲಿಗೆ ಹೋಗಬಾರದು. ಸೂರಃ ನಿಸಾದ ಆರಂಭದಲ್ಲೇ ಯತೀಮರ ಸೊತ್ತನ್ನು ತಮ್ಮದರಲ್ಲಿ ಬೆರೆಸಿ ತಿನ್ನುವವರಿಗೆ ಕಠಿಣ ಎಚ್ಚರಿಕೆಯಿದೆ. ಜಮಾಅತಿನ ಇಬ್ಬರು ಹಿರಿಯರ ಸಾಕ್ಷಿಯಲ್ಲಿ ಬರೆದಿಡಿ.

ಮೂರು, ವಾರಸು. ಮಲಮಕ್ಕಳಿಗೆ ಮಲತಂದೆಯ ಆಸ್ತಿಯಲ್ಲಿ ವಾರಸು ಇಲ್ಲ. ಆದರೆ ಬದುಕಿರುವಾಗ ಹಿಬಾ ಮಾಡಬಹುದು, ಮೂರನೆಯ ಒಂದು ಭಾಗದವರೆಗೆ ವಸಿಯ್ಯತ್ ಬರೆಯಬಹುದು. ಇದನ್ನು ಸ್ವಂತ ಮಕ್ಕಳಿಗೂ ಮೊದಲೇ ತಿಳಿಸಿ, ನಾಳೆ ಜಗಳ ಬೇಡ.

ನಾಲ್ಕು, ಪರದೆ. ಹೆಂಡತಿಯ ಮೊದಲ ಗಂಡನ ಮಗಳು ಸಂಸಾರ ಕೂಡಿದ ಮೇಲೆ ಮಲತಂದೆಗೆ ಮಹ್ರಮ್. ಗಂಡನ ಮಗ ಮಲತಾಯಿಗೆ ಮಹ್ರಮ್. ಆದರೆ ಅವನ ಮಕ್ಕಳೂ ಇವಳ ಮಕ್ಕಳೂ ಪರಸ್ಪರ ಮಹ್ರಮ್ ಅಲ್ಲ. ಅಸ್ಮಾರ ಮಗ ಅಬ್ದುಲ್ಲಾ ಬಿನ್ ಜಾಫರರು ಅಲೀಯವರ ಮಗಳು ಝೈನಬರನ್ನೇ ಮದುವೆಯಾದರು. ಆದ್ದರಿಂದ ಮನೆ ಹುಡುಕುವಾಗ ಬೆಳೆದ ಹುಡುಗ ಹುಡುಗಿಯರಿಗೆ ಬೇರೆ ಕೋಣೆ, ಆಗದಿದ್ದರೆ ಬೇರೆ ಮೂಲೆ, ನಡುವೆ ಒಂದು ಪರದೆ ಇರಲಿ. ಇದು ಅನುಮಾನವಲ್ಲ, ಮರ್ಯಾದೆ.

ಮಕ್ಕಳು ಮೊದಲ ದಿನವೇ ಅಬ್ಬಾ, ಅಮ್ಮಿ ಎನ್ನಬೇಕೆಂದು ಒತ್ತಾಯಿಸಬೇಡಿ. ದಾದಾ ದಾದಿಯರ ಮನೆಗೆ ಹೋಗಿ ಬರುವ ದಾರಿ ತೆರೆದಿರಲಿ. ನೆರೆಯವರೇ, ಆ ಮಕ್ಕಳ ಮುಂದೆ ಮಲ ಎಂಬ ಮಾತು ಹಚ್ಚಿ ಕರೆಯಬೇಡಿ. ವಿಧವೆಯಾದ ಮಗಳಿಗೆ ಸಂಬಂಧ ನೋಡುವ ತಂದೆಯರೇ, ಮಕ್ಕಳನ್ನು ಬಿಟ್ಟು ಬರಲಿ ಎನ್ನುವ ವರನಿಗೆ ಉಮ್ಮು ಸಲಮಾರ(ರ) ನಿಕಾಹ್‌ನ ಕಥೆ ಹೇಳಿರಿ. ಅದಕ್ಕೂ ಒಪ್ಪದಿದ್ದರೆ ಬೇರೆ ಸಂಬಂಧ ನೋಡಿರಿ.

ಅಲ್ಲಾಹನು ನಮ್ಮ ಊರುಗಳ ಒಂದೊಂದು ಯತೀಮ ಮಗುವಿಗೂ ತುಂಬಿದ ತಟ್ಟೆಯ ಬಳಿ ಜಾಗ ಕೊಡಲಿ. ಹೊಸದಾಗಿ ಕೂಡಿದ ಮನೆಗಳಲ್ಲಿ ಬರಕತ್ ಇಡಲಿ. ಆಮೀನ್.